ಅರಕು ವ್ಯಾಲಿ ಕಾಫಿ: ಕೊಪ್ಪದ ಕಡೆಯ ಸಣ್ಣ ಬೆಳೆಗಾರ ಕುಡಿದು ನೋಡಿ, ಹೋಗಿ ನೋಡಿ ಬಂದು ಬರೆದ ರಿವ್ಯೂ

ಮೊದ್ಲು ಕಾಫಿ ಹೇಗಿದೆ ಅಂತ ಹೇಳಿಬಿಡ್ತೀನಿ, ಊರಿನ ಕಥೆ ಆಮೇಲೆ. ನಾನು ತಂದಿದ್ದು ಆಂಧ್ರ ಸರ್ಕಾರದ ಗಿರಿಜನ ಸಹಕಾರ ನಿಗಮದ್ದು, ಅಲ್ಲಿ ಎಲ್ರೂ ಜಿಸಿಸಿ ಅಂತಾರೆ, ಅವರ ಅರಕು ವ್ಯಾಲಿ ಕಾಫಿ ಪುಡಿ, ಚಿಕೋರಿ ಇಲ್ದೇ ಇರೋ ಪ್ಯಾಕೆಟ್. ಎರಡು ವಾರ ಬೆಳಗ್ಗೆ ಸಂಜೆ ಮನೇಲಿ ಅದೇ ಕಾಫಿ. ನಮ್ದು ಕೊಪ್ಪದ ಹತ್ರ ಮೂರು ಎಕರೆ ಚಿಲ್ಲರೆ ತೋಟ, ಅಡಿಕೆ ಮಧ್ಯ ರೋಬಸ್ಟಾ, ಮೇಲಿನ ಗುಡ್ಡದಲ್ಲಿ ಅರೇಬಿಕಾ. ಹುಟ್ಟಿದಾಗಿಂದ ಸ್ವಂತ ತೋಟದ್ದೇ ಬೀಜ ಹುರಿದು ಪುಡಿ ಮಾಡಿಸಿ ಕುಡಿದೋರು, ಹಂಗಾಗಿ ಹೊರಗಿನ ಪುಡಿ ಮನೆ ಒಳಗೆ ಬರೋದೇ ಕಮ್ಮಿ. ಅಮ್ಮ ಮೊದಲನೇ ದಿನ ಒಂದು ಗುಟುಕು ಕುಡಿದು "ತೆಳ್ಳಗಿದೆ ಕಣೋ" ಅಂದ್ರು. ಅದು ನಿಜ. ನಮ್ಮ ಮನೆ ಕಾಫಿಗೆ ರೋಬಸ್ಟಾ ಸೇರಿರತ್ತೆ, ಡಿಕಾಕ್ಷನ್ ಲೋಟದ ಅಂಚಿಗೆ ಅಂಟೋ ಹಂಗೆ ಬರತ್ತೆ, ಇದು ಬರೀ ಅರೇಬಿಕಾ, ಹಾಲು ಜಾಸ್ತಿ ಆದ್ರೆ ಕಾಫಿ ಮುಳುಗಿಹೋಗತ್ತೆ. ಮಾರನೇ ದಿನ ಫಿಲ್ಟರ್‌ಗೆ ದಿನಕ್ಕಿಂತ ಒಂದೂವರೆ ಚಮಚ ಜಾಸ್ತಿ ಹಾಕಿ, ನೀರು ಕುದಿ ಇಳಿದ ಮೇಲೆ ಹುಯ್ದು, ಹಾಲು ಕಮ್ಮಿ ಮಾಡಿ ಕೊಟ್ಟೆ, ಆಗ ಸರಿ ಹೋಯ್ತು.

ಹಾಲಿಲ್ದೇ ಕುಡಿದಾಗಲೇ ಇದರ ನಿಜವಾದ ರುಚಿ ಗೊತ್ತಾಗೋದು. ಕಹಿ ತುಂಬಾ ಕಮ್ಮಿ, ನಾಲಿಗೆ ಕೊನೇಲಿ ಒಂಚೂರು ಹುಳಿ, ಹೆರಳೆಕಾಯಿ ಸಿಪ್ಪೆ ಉಗುರಲ್ಲಿ ಗೀರಿದಾಗ ಬರತ್ತಲ್ಲ ಆ ಥರದ ಒಂದು ವಾಸನೆ, ಕುಡಿದು ಎಷ್ಟೋ ಹೊತ್ತಾದ್ರೂ ಬಾಯಲ್ಲಿ ಇರತ್ತೆ. ಬೆಲ್ಲ ಹಾಕಿ ಕರಿ ಕಾಫಿ ಮಾಡಿದ್ರೆ ಅಂತೂ ಬಹಳ ಚೆನ್ನಾಗಿತ್ತು, ಮಳೆಗಾಲದಲ್ಲಿ ಹಲಸಿನ ಹಪ್ಪಳದ ಜೊತೆ ಕುಡೀಬೇಕು ಅನ್ನಿಸ್ತು. ಚಿಕ್ಕಪ್ಪ ಮಾತ್ರ ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿ "ಸರ್ಕಾರದೋರು ಕಾಫಿ ಮಾರ್ತಾರೆ ಅಂದ್ರೆ ನಂಗೆ ನಂಬಿಕೆ ಬರಲ್ಲ ಮಾರಾಯ" ಅಂದ್ರು. ಈ ರಿವ್ಯೂ ಇಷ್ಟು ಉದ್ದ ಬರೀತಿರೋದು ಆ ಮಾತಿಗೋಸ್ಕರ. ವಿಶಾಖಪಟ್ಟಣದ ಹತ್ರ ಇರೋ ಈ ಅರಕು ಬೆಟ್ಟದಲ್ಲಿ ಸರ್ಕಾರದ ದುಡ್ಡು ಎಷ್ಟು ವರ್ಷದಿಂದ, ಯಾವ್ಯಾವ ರೂಪದಲ್ಲಿ ಇಳಿದಿದೆ ಅಂತ ನೋಡಿದ್ರೆ ಈ ಪ್ಯಾಕೆಟ್ ಬರೀ ಕಾಫಿ ಪ್ಯಾಕೆಟ್ ಥರ ಕಾಣಲ್ಲ.

ನಾವು ಹೋಗಿದ್ದು ಕೊಯ್ಲಿನ ಟೈಮಲ್ಲಿ. ಬೆಂಗಳೂರಿಂದ ಪ್ರಶಾಂತಿ ಎಕ್ಸ್‌ಪ್ರೆಸ್ಸಲ್ಲಿ ವಿಶಾಖಪಟ್ಟಣ, ಅಲ್ಲಿಂದ ಬೆಳಗ್ಗೆ ಬೇಗ ಹೊರಡೋ ಕಿರಂಡೂಲ್ ಪ್ಯಾಸೆಂಜರ್. 2017ರಿಂದ ಆ ಟ್ರೇನಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಕೋಚ್ ಕೂಡ ಹಾಕ್ತಾರೆ, ನಾವು ಮಾಮೂಲಿ ಸೀಟಲ್ಲೇ ಹೋದ್ವಿ, ಕಿಟಕಿ ಪಕ್ಕ ಜಾಗ ಸಿಕ್ಕಿದ್ರೆ ಅದೇ ಸಾಕು. ಇಡೀ ಲೈನಲ್ಲಿ 58 ಸುರಂಗ ಇದಾವೆ, ಬೊರ್ರಾ ಗುಹೆ ಸ್ಟೇಷನ್ ದಾಟಿದ ಮೇಲೆ ಶಿಮಿಲಿಗುಡ ಅಂತ ಬರತ್ತೆ, ಸಮುದ್ರ ಮಟ್ಟದಿಂದ ಹತ್ರ ಹತ್ರ 1,000 ಮೀಟರ್ ಎತ್ತರ, ಅಲ್ಲಿ ಬಾಗಿಲಲ್ಲಿ ನಿಂತ್ರೆ ಮುಖಕ್ಕೆ ಬಡಿಯೋ ಗಾಳಿ ಥೇಟ್ ನಮ್ಮ ಘಾಟಿ ಮೇಲಿನ ಗಾಳಿ. ಆದ್ರೆ ಈ ರೈಲು ಹಾಕಿದ್ದು ನಮ್ಮಂಥೋರು ಬೆಟ್ಟ ನೋಡಕ್ಕಲ್ಲ, ಅಲ್ಲಿನ ಜನ ಓಡಾಡಕ್ಕೂ ಅಲ್ಲ. 1960ರ ದಶಕದಲ್ಲಿ ಈಗಿನ ಛತ್ತೀಸ್‌ಗಢದ ಬೈಲಾಡಿಲಾ ಗಣಿಯ ಕಬ್ಬಿಣದ ಅದಿರನ್ನ ವಿಶಾಖಪಟ್ಟಣ ಬಂದರಿಗೆ ಇಳಿಸಿ ಜಪಾನಿಗೆ ಕಳಿಸಕ್ಕೆ ಹಾಕಿದ ಲೈನ್ ಇದು. ಈಗ್ಲೂ ದಾರಿ ಪೂರ್ತಿ ಅದಿರು ತುಂಬಿದ ಗೂಡ್ಸ್ ಗಾಡಿಗಳು ಎದುರಾಗ್ತಾನೇ ಇರ್ತವೆ, ಅವುಕ್ಕೆ ದಾರಿ ಬಿಡಕ್ಕೆ ನಮ್ ಗಾಡಿ ಎಷ್ಟೋ ಕಡೆ ನಿಂತಿತ್ತು.

ಅದನ್ನ ನೋಡ್ತಾ ನಂಗೆ ಕುದುರೆಮುಖ ನೆನಪಾಗ್ತಾ ಇತ್ತು. ನಮ್ ಕಡೆಯೋರಿಗೆ ಬೇರೆ ಹೇಳಬೇಕಾಗಿಲ್ಲ. 1976ರಲ್ಲಿ ಕಬ್ಬಿಣದ ಅದಿರು ತೆಗೆಯೋ ಸರ್ಕಾರಿ ಕಂಪನಿ ಶುರು ಆಯ್ತು, ಬೆಟ್ಟದ ಮೇಲೆ ಟೌನ್‌ಶಿಪ್ ಆಯ್ತು, ಶಾಲೆ ಆಸ್ಪತ್ರೆ ಆಯ್ತು, ಅದಿರನ್ನ ನೀರಲ್ಲಿ ಕಲಸಿ ಪೈಪಲ್ಲಿ ಮಂಗಳೂರಿಗೆ ಇಳಿಸಿದ್ರು, ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಲ್ತು. ನಿಂತ ಮೇಲೆ ಅಲ್ಲಿ ಉಳಿದಿದ್ದು ಖಾಲಿ ಕ್ವಾರ್ಟರ್ಸು. ಸುತ್ತ ಹಳ್ಳಿಗಳ ಬೇಸಾಯಕ್ಕೆ, ತೋಟಕ್ಕೆ, ಸಂತೆಗೆ ಆ ದುಡ್ಡಿಂದ ಏನು ಬೇರೂರಿತು ಅಂತ ಕೇಳಿದ್ರೆ ಹೇಳಕ್ಕೆ ಜಾಸ್ತಿ ಇಲ್ಲ. ಬೆಟ್ಟಕ್ಕೆ ಸರ್ಕಾರ ದುಡ್ಡು ಹಾಕತ್ತೆ ಅಂದಾಗೆಲ್ಲ ನಾನು ಈಗ ಮೊದಲು ಕೇಳೋದು ಒಂದೇ, ಬೆಟ್ಟದಿಂದ ಏನೋ ತಗೊಂಡು ಹೋಗಕ್ಕೆ ಹಾಕ್ತಿದಾರೋ, ಬೆಟ್ಟದಲ್ಲಿ ಇರೋರು ಅಲ್ಲೇ ಇದ್ದು ಬದುಕೋದಕ್ಕೆ ಹಾಕ್ತಿದಾರೋ. ಅರಕುನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಕಾಣತ್ತೆ. ರೈಲು ಮೊದಲನೇದು, ಕಾಫಿ ಎರಡನೇದು.

ಕಾಫಿ ಅಲ್ಲಿಗೆ ಬಂದಿದ್ದು ಇವತ್ತು ನಿನ್ನೆ ಅಲ್ಲ. 1898ರಲ್ಲಿ ಪೂರ್ವ ಗೋದಾವರಿಯ ಪಾಮುಲೇರು ಕಣಿವೇಲಿ ಬ್ರಿಟಿಷರ ಕಾಲದಲ್ಲಿ ಮೊದಲು ನೆಟ್ಟಿದ್ದು, ಅಲ್ಲಿಂದ ನಿಧಾನಕ್ಕೆ ವಿಶಾಖಪಟ್ಟಣದ ಏಜೆನ್ಸಿ ಬೆಟ್ಟಗಳಿಗೆ ಹಬ್ಬಿತು. ಏಜೆನ್ಸಿ ಅನ್ನೋದು ಬ್ರಿಟಿಷರ ಕಾಲದ ಹೆಸರು, ಇವತ್ತಿಗೂ ಅಲ್ಲಿ ಬೆಟ್ಟದ ಸೀಮೆಗೆ ಅದೇ ಹೆಸರು. ಸ್ವಾತಂತ್ರ್ಯ ಬಂದ ಮೇಲೆ ಅರಣ್ಯ ಇಲಾಖೆಯೋರು ಕಾಡಲ್ಲಿ ಕಾಫಿ ನೆಟ್ರು. 1956ರಲ್ಲಿ ಜಿಸಿಸಿ ಹುಟ್ಟಿತು, ಆಗ ಅದರ ಕೆಲಸ ಜೇನು, ಹುಣಸೆ, ಸೀಗೆಕಾಯಿ, ಮರದ ಅಂಟು ಇಂಥ ಕಾಡುತ್ಪತ್ತಿನ ಆದಿವಾಸಿಗಳ ಹತ್ರ ಕೊಳ್ಳೋದು, ಅವರಿಗೆ ಬೇಕಾದ ಅಕ್ಕಿ ಉಪ್ಪು ಎಣ್ಣೆ ಡಿಪೋದಲ್ಲಿ ಮಾರೋದು. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆ ಲ್ಯಾಂಪ್ಸ್ ಅನ್ನೋ ಆದಿವಾಸಿಗಳ ಸಹಕಾರ ಸೊಸೈಟಿ ಇದಾವಲ್ಲ, ಹೆಚ್ಚುಕಮ್ಮಿ ಆ ಥರ, ಆದ್ರೆ ಇದು ಬಹಳ ದೊಡ್ಡದು. ಆಮೇಲೆ ಪಾಡೇರಲ್ಲಿ ಐಟಿಡಿಎ, ಅಂದ್ರೆ ಬುಡಕಟ್ಟು ಅಭಿವೃದ್ಧಿಯ ಆಫೀಸು, ಕಾಫಿನ ಆದಿವಾಸಿಗಳ ಸ್ವಂತ ಜಮೀನಿಗೆ ತರೋ ಕೆಲಸ ಹಿಡೀತು.

ಅಲ್ಲಿ ಬೆಟ್ಟದ ಇಳಿಜಾರಲ್ಲಿ ಪೋಡು ಮಾಡ್ತಿದ್ರು, ನಮ್ ಕಡೆ ಹಿಂದೆ ಕುಮರಿ ಅಂತಿದ್ರಲ್ಲ ಅದೇ, ಕಡಿದು ಸುಟ್ಟು ರಾಗಿ ಸಾಮೆ ಬಿತ್ತೋದು, ಎರಡು ಮೂರು ವರ್ಷಕ್ಕೆ ಮುಂದಿನ ಗುಡ್ಡಕ್ಕೆ ಹೋಗೋದು. ಅದನ್ನ ಕಾನೂನು ತೋರಿಸಿ ನಿಲ್ಲಿಸಿದ್ರೆ ಜನ ತಿನ್ನೋದೇನು. ಅದಕ್ಕೆ ಸುಟ್ಟ ಗುಡ್ಡಕ್ಕೆ ಮೊದಲು ಸಿಲ್ವರ್ ಓಕ್ ನೆಟ್ಟು, ಎರಡು ಮೂರು ವರ್ಷ ಆಗಿ ನೆರಳು ಬಂದ ಮೇಲೆ ಕೆಳಗೆ ಕಾಫಿ ಗಿಡ, ಮರಕ್ಕೆ ಮೆಣಸಿನ ಬಳ್ಳಿ. ಸಸಿ ನರ್ಸರೀಲಿ ಬೆಳೆಸಿ ಕೊಡೋದು, ಗುಂಡಿ ತೆಗೆಯೋ ಕೂಲಿ ನರೇಗಾದಲ್ಲಿ ಕೊಡೋದು, ಅಂದ್ರೆ ತನ್ನ ಗುಡ್ಡದಲ್ಲಿ ತಾನೇ ಗುಂಡಿ ತೆಗೆದ್ರೂ ಕೂಲಿ. ತೋಟ ಮಾಡಿರೋರಿಗೆ ಇದು ಎಂಥ ದೊಡ್ಡ ವಿಷಯ ಅಂತ ತಕ್ಷಣ ಅರ್ಥ ಆಗತ್ತೆ. ಕಾಫಿ ಗಿಡ ನೆಟ್ಟ ವರ್ಷ ಏನೂ ಬರಲ್ಲ, ಎರಡನೇ ವರ್ಷನೂ ಇಲ್ಲ, ನಾಲ್ಕನೇ ವರ್ಷಕ್ಕೆ ಕೈಗೆ ಏನೋ ಹತ್ತತ್ತೆ, ನೆರಳು ಮರದಿಂದ ಶುರು ಮಾಡಿದ್ರೆ ಆರೇಳು ವರ್ಷ. ನಮ್ಮ ತಾತ ಮೇಲಿನ ಗುಡ್ಡ ಮಾಡುವಾಗ ಅಡಿಕೆ ದುಡ್ಡು ಇತ್ತು, ಕಾಯಕ್ಕೆ ಆಯ್ತು. ದಿನಾ ದುಡಿದು ದಿನಾ ತಿನ್ನೋ ಮನೆಗೆ ಆರು ವರ್ಷ ಯಾರು ಕಾಯ್ತಾರೆ. ಬ್ಯಾಂಕು ಕಾಯಲ್ಲ, ಸಾಲ ಕೊಡೋ ಸಾಹುಕಾರ ಕಾಯಲ್ಲ. ಸರ್ಕಾರ ಕಾದಿದೆ, ಒಂದು ಸರ್ಕಾರ ಹೋಗಿ ಇನ್ನೊಂದು ಬಂದ್ರೂ ಹತ್ತಾರು ವರ್ಷ ಈ ಕೆಲಸ ನಿಲ್ದೇ ನಡೆದಿದೆ, ನಂಗೆ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಮನಸಿಗೆ ನಾಟಿದ್ದು ಅದು.

2024ರ ಜೂನ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೋ ಮಾತಲ್ಲಿ ಅರಕು ಕಾಫಿ ಹೆಸರು ಹೇಳಿದಾಗ ಸುಮಾರು ಒಂದೂವರೆ ಲಕ್ಷ ಆದಿವಾಸಿ ಕುಟುಂಬ ಇದರಲ್ಲಿ ತೊಡಗಿದಾವೆ ಅಂದ್ರು. ಒಂದೊಂದು ಮನೆಗೆ ಒಂದು ಎಕರೆ, ಎರಡು ಎಕರೆ, ಅಷ್ಟೇ. ನಮ್ ಚಿಕ್ಕಮಗಳೂರಲ್ಲಿ ಮೂರು ಎಕರೆ ಅಂದ್ರೆ ಲೆಕ್ಕಕ್ಕೇ ತಗೊಳ್ಳಲ್ಲ, ಅಲ್ಲಿ ನಾನು ದೊಡ್ಡ ಬೆಳೆಗಾರ.

ಊರಿಂದ ಸ್ವಲ್ಪ ಒಳಗೆ ಆಟೋ ಮಾಡ್ಕೊಂಡು ಒಂದು ಹಳ್ಳಿಗೆ ಹೋಗಿದ್ವಿ, ಆಟೋದವನಿಗೆ ಅಲ್ಪಸ್ವಲ್ಪ ಹಿಂದಿ, ನಂಗೆ ಅಲ್ಪಸ್ವಲ್ಪ ತೆಲುಗು, ಹೇಗೋ ನಡೀತು. ಗಿಡ ನೋಡಿದ ತಕ್ಷಣ ನನ್ ಕೈ ಕಸಿಗೆ, ಅಂದ್ರೆ ರೆಂಬೆ ಸವರಕ್ಕೆ, ಅಂತ ಎದ್ದಿತ್ತು, ಅಷ್ಟು ಎತ್ತರ ಬೆಳೆದು ಬಿಟ್ಟಿದಾವೆ, ಹಣ್ಣು ಕೊಯ್ಯಕ್ಕೆ ರೆಂಬೆ ಬಗ್ಗಿಸಿ ಹಿಡೀಬೇಕು. ಗೊಬ್ಬರದ ಚೀಲ ಎಲ್ಲೂ ಕಾಣಲಿಲ್ಲ, ಎಲೆ ಉದುರಿದ್ದು ಕೊಳೆತದ್ದು, ದನದ ಗೊಬ್ಬರ ಇದ್ರೆ ಅದು, ಅಷ್ಟೇ. ಇಳುವರಿ ನಮ್ಮದಕ್ಕಿಂತ ಬಹಳ ಕಮ್ಮಿ ಇರತ್ತೆ ಅಂತ ಗಿಡ ನೋಡಿದ್ರೇ ಗೊತ್ತಾಗತ್ತೆ. ಆದ್ರೆ ನೆಲ ಮೆತ್ತಗೆ, ಹೆಜ್ಜೆ ಹೂತುಹೋಗೋ ಹಂಗಿದೆ, ಸಿಲ್ವರ್ ಜೊತೆ ಹಲಸು ಮಾವು ಕೂಡ ಉಳಿಸ್ಕೊಂಡಿದಾರೆ. ಎತ್ತರ 900ರಿಂದ 1,100 ಮೀಟರ್, ಮಳೆ ನಮ್ ಮಲೆನಾಡಿಗಿಂತ ಎಷ್ಟೋ ಕಮ್ಮಿ, ರಾತ್ರಿ ಚಳಿ ಜೋರು, ಹಣ್ಣು ನಿಧಾನಕ್ಕೆ ಮಾಗತ್ತೆ. ಆ ಹುಳಿ, ಆ ಹೆರಳೆ ವಾಸನೆ ಅಲ್ಲಿಂದಾನೇ ಬಂದಿದ್ದು ಅನ್ಸತ್ತೆ.

ಆ ತೋಟದ ಯಜಮಾನ, ವಯಸ್ಸಾದ ಮನುಷ್ಯ, ನಾನು ಕಾಫಿ ಬೆಳೆಯೋನು ಅಂತ ಗೊತ್ತಾದ ಮೇಲೆ ಕೈ ಹಿಡ್ಕೊಂಡು ಪೂರ್ತಿ ತೋಟ ಸುತ್ತಿಸಿದ್ರು. ಹಿಂದೆಲ್ಲ ದಲ್ಲಾಳಿ ಮಳೆಗಾಲದಲ್ಲಿ ಬಂದು ಮುಂಗಡ ಕೊಟ್ಟು ಹೋಗ್ತಿದ್ದ, ಕೊಯ್ಲಿಗೆ ಬಂದು ತಾನು ಹೇಳಿದ ರೇಟಿಗೆ ತಗೊಂಡು ಹೋಗ್ತಿದ್ದ, ತೂಕನೂ ಅವನದೇ, ರೇಟೂ ಅವನದೇ ಅಂದ್ರು. ಈಗ ಸರ್ಕಾರದ ಕಡೆಯಿಂದ ಸೀಸನ್ ಶುರುವಲ್ಲೇ ರೇಟು ಹೇಳ್ತಾರೆ, ಹಾಗಾಗಿ ದಲ್ಲಾಳಿನೂ ಅದಕ್ಕಿಂತ ಕೆಳಗೆ ಕೇಳಕ್ಕೆ ಆಗಲ್ಲ, ಜಾಸ್ತಿ ಕೊಟ್ರೆ ಅವನಿಗೇ ಹಾಕ್ತೀವಿ ಅಂದ್ರು. ಇದನ್ನ ಕೇಳಿ ನಂಗೆ ಖುಷಿ ಆಯ್ತು. ನಿಗಮ ಎಲ್ಲಾ ಕಾಫಿನೂ ಕೊಳ್ಳಬೇಕಾಗಿಲ್ಲ, ಅಲ್ಲಿ ಸಂತೇಲಿ ತಕ್ಕಡಿ ಹಿಡ್ಕೊಂಡು ಕೂತಿದ್ರೆ ಸಾಕು, ಮಿಕ್ಕವರ ತಕ್ಕಡಿನೂ ನೆಟ್ಟಗಾಗತ್ತೆ. ನಮ್ಮಲ್ಲಿ ಮಾಮ್ಕೋಸ್, ಕ್ಯಾಂಪ್ಕೋ ಥರದ ಸಹಕಾರ ಸಂಘಗಳು ಅಡಿಕೆಗೆ ಇದೇ ಕೆಲಸ ಮಾಡ್ಕೊಂಡು ಬಂದಿದಾವಲ್ಲ. ಅರಕು ಕಡೆಯೋರೂ ವಾರದ ಸಂತೆಗೆ 'ಸಂತ' ಅಂತಾರೆ, ಅರಿಶಿಣ, ರಾಜ್ಮಾ, ಹುಣಸೆ, ಮೆಣಸು ಎಲ್ಲಾ ಹೆಂಗಸರು ತಲೆ ಮೇಲೆ ಹೊತ್ಕೊಂಡು ಬರ್ತಾರೆ.

ಜಮೀನಿನ ವಿಷಯ ಒಂದು ಹೇಳಲೇಬೇಕು. ಅಲ್ಲಿ 1 ಆಫ್ 70 ಅಂತ ಒಂದು ಕಾನೂನಿದೆ, 1970ರದ್ದು, ಏಜೆನ್ಸಿ ಜಮೀನನ್ನ ಆದಿವಾಸಿ ಅಲ್ಲದೋರು ಕೊಳ್ಳೋ ಹಂಗಿಲ್ಲ. ಆಮೇಲೆ 1997ರಲ್ಲಿ ಸುಪ್ರೀಂ ಕೋರ್ಟಿನ ಸಮತಾ ತೀರ್ಪು ಬಂತು, ಆ ಕೇಸ್ ಹುಟ್ಟಿದ್ದೇ ಬೊರ್ರಾ ಗುಹೆ ಸುತ್ತಲ ಬೆಟ್ಟಗಳಲ್ಲಿ ಖಾಸಗಿಯೋರಿಗೆ ಗಣಿ ಕೊಟ್ಟಿದ್ದಕ್ಕೆ, ಪರಿಶಿಷ್ಟ ಪ್ರದೇಶದ ಸರ್ಕಾರಿ ಜಮೀನನ್ನೂ ಖಾಸಗಿ ಗಣಿಗೆ ಗುತ್ತಿಗೆ ಕೊಡಂಗಿಲ್ಲ ಅಂತ ಕೋರ್ಟ್ ಹೇಳಿತು. ಈ ಎರಡು ಇಲ್ದೇ ಹೋಗಿದ್ರೆ ಕಾಫಿಗೆ ರೇಟು ಬಂದ ದಿನವೇ ಆ ಗುಡ್ಡಗಳು ಬೆಂಗಳೂರು ಹೈದರಾಬಾದಿನೋರ ಹೆಸರಿಗೆ ಆಗ್ತಿದ್ವು, ಬೆಳೆದೋರು ಅಲ್ಲೇ ಕೂಲಿಗೆ ನಿಲ್ತಿದ್ರು. ನಮ್ ಕಡೆ ಹೋಮ್‌ಸ್ಟೇ, ರೆಸಾರ್ಟು ಅಂತ ಗುಡ್ಡ ಕೈ ಬದಲಾಗ್ತಿರೋದನ್ನ ನೋಡ್ತಿರೋನು ನಾನು, ಹಂಗಾಗಿ ಹೇಳ್ತಿದೀನಿ. ಸಸಿ ಕೊಟ್ಟಿದ್ದಕ್ಕಿಂತ, ಗುಂಡಿಗೆ ಕೂಲಿ ಕೊಟ್ಟಿದ್ದಕ್ಕಿಂತ, ಜಮೀನು ಅವರ ಹತ್ರನೇ ಉಳಿದಿದ್ದರಿಂದ ಆ ದುಡ್ಡು ದಂಡ ಆಗಲಿಲ್ಲ.

ಕರ್ನಾಟಕದಲ್ಲಿ ಇದರ ಹತ್ರ ಬರೋದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಅವರೂ ಮನೆ ಸುತ್ತ ಕಾಫಿ ಬೆಳೀತಾರೆ, 2011ರಲ್ಲಿ ಅವರಿಗೆ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಸಮುದಾಯದ ಹಕ್ಕು ಸಿಕ್ತು, ಹುಲಿ ಸಂರಕ್ಷಿತ ಕಾಡೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅವರಿಗೆ ಮೊದಲು. ಆದ್ರೆ ಅವರ ಕಾಫಿ ಹೆಸರು ಎಷ್ಟು ಜನಕ್ಕೆ ಗೊತ್ತಿದೆ ಹೇಳಿ. ಅರಕುಗೆ ಸಿಕ್ಕಿದ ನಲವತ್ತು ಐವತ್ತು ವರ್ಷದ ಆಸರೆ ಸೋಲಿಗರಿಗೂ ಸಿಗಬೇಕು ಅಂತ ನಾನು ಮನಸಾರೆ ಅಂದ್ಕೊಂಡೆ.

ಚಿಕ್ಕಪ್ಪನಿಗೆ ನಾನು ಹೇಳಿದ್ದು ಇನ್ನೊಂದು. "ಸರ್ಕಾರ ಬೆಳೆಸಿದ ಕಾಫಿ" ಅಂತ ನಾವು ಅನ್ನೋ ಹಂಗಿಲ್ಲ, ನಮ್ದೂ ಅದೇ. 1915ರಲ್ಲಿ ನಮ್ ಕೊಪ್ಪದಲ್ಲೇ ಮೈಸೂರು ಸರ್ಕಾರ ಕಾಫಿ ಸಂಶೋಧನೆಗೆ ಅಂತ ಒಂದು ತಾತ್ಕಾಲಿಕ ಕೇಂದ್ರ ಮಾಡಿತ್ತು, 1925ರಲ್ಲಿ ಬಾಳೆಹೊನ್ನೂರಿನ ಹತ್ರ ಕಾಯಂ ಕೇಂದ್ರ ಆಯ್ತು. ನಮ್ ಮೇಲಿನ ಗುಡ್ಡದಲ್ಲಿ ಇರೋ ಎಸ್ 795 ಅನ್ನೋ ಅರೇಬಿಕಾ ತಳಿ ಬಂದಿದ್ದು ಅಲ್ಲಿಂದ, ಎಲೆ ರೋಗಕ್ಕೆ ಹಳೇ ತಳಿ ತೋಟಗಳು ನೆಲ ಹಿಡಿದಾಗ ಕೈ ಹಿಡಿದಿದ್ದು ಅಲ್ಲಿನ ಕೆಲಸ. 1942ರ ಕಾಫಿ ಕಾಯ್ದೆ, ಕಾಫಿ ಬೋರ್ಡು, 90ರ ದಶಕದವರೆಗೆ ಪೂಲ್ ಪದ್ಧತಿ, ಅಂದ್ರೆ ಎಲ್ರ ಕಾಫಿನೂ ಬೋರ್ಡೇ ಒಟ್ಟಿಗೆ ತಗೊಂಡು ಮಾರೋದು, ನಮ್ ತಾತ ಪೂಲಿಗೆ ಕಾಫಿ ಹಾಕಿ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡು ತಗೊಂಡೋರು. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಇವತ್ತು ಕರ್ನಾಟಕದ್ದು ಅಂದ್ರೆ ಅದರ ಹಿಂದೆ ನೂರು ವರ್ಷದ ಸಾರ್ವಜನಿಕ ದುಡ್ಡಿದೆ. ಅದೇ ಕಾಫಿ ಬೋರ್ಡು ಅರಕು ಕಡೆ ಆರ್.ವಿ. ನಗರದಲ್ಲಿ ಸಂಶೋಧನಾ ಕೇಂದ್ರ ಇಟ್ಕೊಂಡಿದೆ. ನಮಗೆ ಮೊದಲು ಸಿಕ್ಕಿದ್ದು ಅವರಿಗೆ ಆಮೇಲೆ ಸಿಕ್ಕಿದೆ, ಇಷ್ಟೇ ವ್ಯತ್ಯಾಸ. 2019ರಲ್ಲಿ ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್, ಸಿಕ್ಕಾಗಲೂ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡ್ ರೋಬಸ್ಟಾ, ಅರಕು ಅರೇಬಿಕಾ, ಐದಕ್ಕೂ ಒಟ್ಟಿಗೇ ಸಿಕ್ಕಿದ್ದು.

ಈಗ ಸರಿ ಇಲ್ದೇ ಇರೋದು. ಕೊಯ್ದ ಮೇಲಿನ ಕೆಲಸಕ್ಕೆ ಅಲ್ಲಿ ಇನ್ನೂ ತುಂಬಾ ದುಡ್ಡು ಬೇಕು. ಹಣ್ಣು, ಕಾಯಿ, ಅರೆ ಹಣ್ಣು ಒಟ್ಟಿಗೇ ಕೊಯ್ದಿರೋದು ನೋಡಿದೆ, ಮನೆ ಮುಂದೆ ಮಣ್ಣಿನ ನೆಲದ ಮೇಲೆ, ಕೆಲವು ಕಡೆ ಟಾರ್ ರೋಡಿನ ಅಂಚಲ್ಲೇ ಒಣಗಿಸಿದ್ರು. ಕಾಫಿ ಬೀಜ ಒಣಗುವಾಗ ಸುತ್ತಲ ವಾಸನೆ ಎಳ್ಕೊಳ್ಳತ್ತೆ, ಮಣ್ಣಲ್ಲಿ ಒಣಗಿದ್ರೆ ಲೋಟದಲ್ಲಿ ಮಣ್ಣು ಬರತ್ತೆ, ಎಂಥ ಒಳ್ಳೇ ಗಿಡದ್ದಾದ್ರೂ ಅಷ್ಟೇ. ಒಂದು ಎಕರೆಯೋನು ಪಲ್ಪರ್, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್, ಇಟ್ಕೊಳ್ಳಕ್ಕೆ ಆಗಲ್ಲ, ಸಿಮೆಂಟ್ ಕಣ ಮಾಡ್ಸಕ್ಕೂ ಆಗಲ್ಲ. ಊರಿಗೊಂದು ಬೇಬಿ ಪಲ್ಪರ್, ಊರಿಗೊಂದು ಕಣ, ಹತ್ತು ಟಾರ್ಪಾಲು, ಹಣ್ಣು ಮಾತ್ರ ಕೊಯ್ದು ತಂದೋರಿಗೆ ಕೆಜಿಗೆ ಇಷ್ಟು ಅಂತ ಜಾಸ್ತಿ, ಇಷ್ಟು ಆದ್ರೆ ಇದೇ ಪುಡಿ ಇನ್ನೂ ಎರಡು ಮೆಟ್ಟಿಲು ಮೇಲೆ ಹೋಗತ್ತೆ. ಹಣ್ಣನ್ನ ಹಾಗೇ ಒಣಗಿಸಿ ಚೆರ್ರಿಯಾಗಿ ಮಾರಿದ್ದಕ್ಕೂ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ಮಾರಿದ್ದಕ್ಕೂ ಇರೋ ರೇಟಿನ ವ್ಯತ್ಯಾಸ ಬೆಳೆಗಾರರಿಗೆ ಗೊತ್ತೇ ಇದೆ, ಆ ವ್ಯತ್ಯಾಸ ಊರಲ್ಲೇ ಉಳೀಬೇಕು.

ಇನ್ನೊಂದು ಚಿಂತೆ ಬೋರರ್, ಕಾಫಿ ಕಾಯಿ ಕೊರೆದು ಒಳಗೆ ಸೇರೋ ಹುಳ. 2025ರಲ್ಲಿ ಅರಕುನಲ್ಲಿ ಕಾಯಿಕೊರಕ, ಬೆರ್ರಿ ಬೋರರ್ ಕಾಣಿಸ್ಕೊಂಡಿದೆ. ನಮ್ ದೇಶಕ್ಕೆ ಅದು ಬಂದಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಲ್ಲಿ ಮೊದಲು ಸಿಕ್ತು, ಆಮೇಲೆ ಕೊಡಗು, ಚಿಕ್ಕಮಗಳೂರು ಎಲ್ಲಾ ಕಡೆ ಹಬ್ಬಿತು. ಅಪ್ಪ ಆಗ ನಮ್ಮನ್ನೆಲ್ಲ ತೋಟಕ್ಕೆ ಕರ್ಕೊಂಡು ಹೋಗಿ ನೆಲಕ್ಕೆ ಬಿದ್ದ ಒಂದೊಂದು ಕಾಯಿನೂ ಆರಿಸ್ತಿದ್ರು, ಗಿಡದಲ್ಲಿ ಒಂದೂ ಬಿಡಂಗಿಲ್ಲ, ನೆಲದಲ್ಲಿ ಒಂದೂ ಬಿಡಂಗಿಲ್ಲ, ತೂತು ಬಿದ್ದಿದ್ದನ್ನ ಕುದಿಯೋ ನೀರಲ್ಲಿ ಎರಡು ನಿಮಿಷ ಅದ್ದೋದು. ಅಲ್ಲಿ ಆ ಎತ್ತರದ ಗಿಡ, ಅಷ್ಟೊಂದು ಸಣ್ಣ ಸಣ್ಣ ತೋಟ, ಒಬ್ಬ ಆರಿಸಿ ಪಕ್ಕದೋನು ಬಿಟ್ರೆ ಪ್ರಯೋಜನ ಇಲ್ಲ, ಇದು ಊರಿಗೆ ಊರೇ ಸೇರಿ ಮಾಡಬೇಕಾದ ಕೆಲಸ, ಕೂಲಿಗೆ ದುಡ್ಡು ಸರ್ಕಾರವೇ ಹಾಕಬೇಕು. ವಿಷ ಹೊಡೆಯೋದಕ್ಕೆ ಶುರು ಮಾಡಿದ್ರೆ ಇಷ್ಟು ವರ್ಷ ಸಾವಯವ ಅಂತ ಬಂದ ಹೆಸರು ಹೋಗತ್ತೆ. ಆ ಯಜಮಾನರಿಗೆ ನಾನು ನನ್ನ ಮುರುಕು ತೆಲುಗಲ್ಲಿ ಬಿದ್ದ ಕಾಯಿ ಆರಿಸಿ ಅಂತ ಮೂರು ಸಲ ಹೇಳಿ ಬಂದೆ.

ರಸ್ತೆ ವಿಷಯ. ಮುಖ್ಯ ರಸ್ತೆ ಚೆನ್ನಾಗಿದೆ, ಒಳಗೆ ಹೋದ ಹಾಗೆ ಇಲ್ಲ. ಕಾಯಿಲೆಯೋರನ್ನ, ಬಸುರಿಯರನ್ನ ಡೋಲಿ ಕಟ್ಟಿ ಹೊತ್ಕೊಂಡು ಬರೋ ಸುದ್ದಿ ಆ ಕಡೆಯಿಂದ ಈಗ್ಲೂ ಬರ್ತಾನೇ ಇರತ್ತೆ, ನಮ್ ಕಳಸದ ಆಚೆ ಒಂಟಿ ಮನೆಗಳಿಂದ ಜೋಲಿ ಕಟ್ಟಿ ತರ್ತಾರಲ್ಲ ಹಂಗೇ. 2025ರಲ್ಲಿ 'ಅಡವಿ ತಲ್ಲಿ ಬಾಟ' ಅಂತ ಕಾಡಿನ ಹಾಡಿಗಳಿಗೆ ರಸ್ತೆ ಮಾಡೋ ಕೆಲಸ ಶುರು ಮಾಡಿದಾರೆ, ಅದು ಮುಗೀಲಿ. ಕಾಫಿ ಚೀಲ ಹೊರಕ್ಕೆ ಬರೋ ರಸ್ತೆಯಲ್ಲೇ ಆಂಬುಲೆನ್ಸ್ ಒಳಕ್ಕೆ ಹೋಗೋದು.

ಉಳ್ಕೊಂಡ ಲಾಡ್ಜ್ ಬಗ್ಗೆ ಹೆಸರು ಹೇಳಲ್ಲ. ಬಿಸಿ ನೀರು ಇದೆ ಅಂದು ಇರಲಿಲ್ಲ, ಕಾಫಿ ಸೀಮೆಯಲ್ಲಿ ಕೂತು ಇನ್‌ಸ್ಟಂಟ್ ಕಾಫಿ ಕೊಟ್ರು, ಬೇಜಾರಾಯ್ತು. ದಾರಿ ಬದಿ ಒಂದು ಅಂಗಡೀಲಿ ಪ್ಯೂರ್ ಅಂತ ಕವರಲ್ಲಿ ಬಿಡಿ ಪುಡಿ ಕಟ್ಟಿ ಕೊಟ್ರು, ತಣ್ಣೀರಲ್ಲಿ ಹಾಕಿದ ತಕ್ಷಣ ಕೆಳಗಿಳಿದು ಕಂದು ಬಣ್ಣ ಬಿಡ್ತು, ಅರ್ಧ ಚಿಕೋರಿ. ಅದಕ್ಕೇ ಹೇಳೋದು, ಬಿಡಿ ಪುಡಿ ತಗೋಬೇಡಿ, ಪ್ಯಾಕೆಟ್ ಮೇಲೆ ಚಿಕೋರಿ ಪರ್ಸೆಂಟ್ ಓದಿ, ಹುರಿದ ತಾರೀಕು ನೋಡಿ. ಜಿಸಿಸಿ ಮಳಿಗೇಲಿ ನಮಗೆ ಪುಡಿ ಕೊಟ್ಟ ಹುಡುಗಿ ಮಾತ್ರ ಎರಡು ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಇದರಲ್ಲಿ ಚಿಕೋರಿ ಇದೆ, ಇದರಲ್ಲಿ ಇಲ್ಲ, ಫಿಲ್ಟರ್ ಇದ್ರೆ ಇದು ತಗೊಳ್ಳಿ ಅಂತ ತಾಳ್ಮೆಯಿಂದ ಹೇಳಿದ್ಲು, ಜೊತೆಗೆ ಜೇನೂ ಮೆಣಸೂ ತಗೊಂಡ್ವಿ, ಜೇನು ಬಹಳ ಚೆನ್ನಾಗಿದೆ. 2025ರ ಮಾರ್ಚಲ್ಲಿ ಪಾರ್ಲಿಮೆಂಟ್ ಒಳಗೂ ಅರಕು ಕಾಫಿ ಸ್ಟಾಲ್ ಹಾಕಿದ್ರಲ್ಲ, ಆ ಸುದ್ದಿಯ ಪೇಪರ್ ಕಟಿಂಗ್ ನಾನು ಕಾಫಿ ಕುಡಿದ ಇನ್ನೊಂದು ಗೂಡಂಗಡಿಯ ಗೋಡೆ ಮೇಲೆ ಅಂಟಿಸಿದ್ರು.

ಬೆಂಗಳೂರಿನೋರಿಗೆ ಒಂದು ಮಾತು, ಇಂದಿರಾನಗರದಲ್ಲಿ 2021ರಿಂದ 'ಅರಕು' ಹೆಸರಿನ ದೊಡ್ಡ ಕೆಫೆ ಇದೆ, ಅದು ಜಿಸಿಸಿಯದಲ್ಲ. ಅದು ನಾಂದಿ ಫೌಂಡೇಶನ್ ಅನ್ನೋ ಸೇವಾ ಸಂಸ್ಥೆ ಕಡೆಯಿಂದ, ಅದೇ ಬೆಟ್ಟದ ಆದಿವಾಸಿ ರೈತರ ಸಹಕಾರ ಸಂಘದ ಜೊತೆ ಸೇರಿ ಕಟ್ಟಿದ್ದು, ಪ್ಯಾರಿಸ್ಸಲ್ಲೂ 2017ರಲ್ಲಿ ಅಂಗಡಿ ತೆರೆದಿದ್ರು. ಅಲ್ಲಿ ಒಂದು ಕಪ್ ಕಾಫಿಗೆ ಕೊಡೋ ದುಡ್ಡು, ನಾನು ತಂದ ಪುಡಿ ಪ್ಯಾಕೆಟ್ಟಿನ ದುಡ್ಡು, ಎರಡೂ ಬೇರೆ ಬೇರೆ ದಾರಿ, ಎರಡೂ ಬೇಕು. ಆದ್ರೆ ಮೊದಲು ಸಸಿ ಕೊಟ್ಟು, ನೆರಳು ಮರ ಕೊಟ್ಟು, ವರ್ಷಗಟ್ಟಲೆ ಕಾದು ಕೂತ ಸರ್ಕಾರದ ಕೆಲಸ ಇಲ್ದೇ ಇಷ್ಟೊಂದು ಮನೆಗಳಿಗೆ ಕಾಫಿ ಮುಟ್ತಿತ್ತು ಅಂತ ನಂಗೆ ಅನ್ಸಲ್ಲ.

ಪುಡಿಗೆ ನಾನು ಐದಕ್ಕೆ ನಾಲ್ಕು ಕೊಡ್ತೀನಿ. ಹಾಲು ಕಾಫಿ ಗಟ್ಟಿ ಬೇಕು ಅನ್ನೋರು ಮೂರು ಭಾಗ ಇದಕ್ಕೆ ಒಂದು ಭಾಗ ನಮ್ ಕಡೆ ರೋಬಸ್ಟಾ ಪುಡಿ ಸೇರಿಸಿ ನೋಡಿ, ನಮ್ ಮನೇಲಿ ಕೊನೆಗೆ ನಿಂತಿದ್ದು ಆ ಲೆಕ್ಕಕ್ಕೆ. ನೋಡಕ್ಕೆ ಹೋಗೋದಾದ್ರೆ ಡಿಸೆಂಬರ್ ಜನವರಿ ಒಳ್ಳೇದು, ಸ್ವೆಟರ್ ಬೇಕೇ ಬೇಕು, ಸಂತೆಗೆ ಹೋಗುವಾಗ ಚಿಲ್ಲರೆ ದುಡ್ಡು ಇಟ್ಕೊಳ್ಳಿ. ಚಿಕ್ಕಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, ಆದ್ರೆ ನಿನ್ನೆ ಸಂಜೆ ಡಬ್ಬ ಅಲ್ಲಾಡಿಸಿ ನೋಡಿ "ಇನ್ನೊಂದು ಪ್ಯಾಕೆಟ್ ಇದ್ಯಾ, ಮುಗೀತಲ್ಲ" ಅಂತ ಕೇಳಿದ್ರು.